ಹಿಟ್ಟಿನ ಗಾಡಿಗೆ ಬ್ರೇಕು

ಅವಳ ಬಲಗಾಲಿನ ಮೀನಖಂಡದ ಒಳಮಗ್ಗುಲಲ್ಲಿ ಸೈಕಲ್ಲಿನ ಹಲ್ಲುಚಕ್ರದ ಗುರುತು, ಎಣ್ಣೆಮಸಿಯ ಚುಕ್ಕೆಗಳ ಬಾಗಿದ ಸಾಲಾಗಿ, ಯಾವಾಗಲೂ ಇರುತ್ತಿತ್ತು. ಸೈಕಲ್ ಹೊಡೆಯುವವರಿಗೆಲ್ಲ ಅದು ಆಗುವುದೇ. ಹೈಸ್ಕೂಲಿನಲ್ಲಿ ನನಗೂ ಆಗುತ್ತಿತ್ತು. ನಾನು ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಬಚ್ಚಲ ಬಾಗಿಲು ಹಾಕಿಕೊಂಡು, ಉಜ್ಜಿ ತೆಗೆಯುತ್ತಿದ್ದೆ. ಅವಳು ತೆಗೆಯುತ್ತಿರಲಿಲ್ಲ. ಟ್ರ್ಯಾಕ್ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ನಮ್ಮ ಹಜಾರದಲ್ಲಿ ಕಾಲು ಚಾಚಿ ಕೂರುತ್ತಿದ್ದಳು. ಅಮ್ಮ ಮಾತಾಡುತ್ತಲೇ ಅವಳ ಕಾಲನ್ನು ಮಡಿಲಿಗೆ ಎಳೆದುಕೊಂಡು, ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಆ ಚುಕ್ಕೆಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ನನ್ನ ಅಮ್ಮ ಯಾರನ್ನಾದರೂ ಹಾಗೆ ಮುಟ್ಟುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಅವಳು ನಮ್ಮ ಬಾಡಿಗೆಯವಳು. ಗೋವಿಂದರಾಜನಗರದ ನಮ್ಮ ಮನೆಯ ಹಿಂದೆ, ನೀರಿನ ತೊಟ್ಟಿಯ ಪಕ್ಕದಲ್ಲಿ, ಒಂದು ಕೋಣೆ ಇತ್ತು. ಬಾಗಲಕೋಟೆ ಕಡೆಯ ಹಳ್ಳಿಯಿಂದ ಬಂದು, ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣದ ಪದವಿ ಓದುತ್ತ, ಆ ಕೋಣೆಯಲ್ಲಿದ್ದಳು. ಆ ಕಡೆ ಹುಡುಗಿಯರನ್ನೂ ಸೈಕಲ್ ರೇಸಿಗೆ ಬಿಡುತ್ತಾರೆ. ಅವಳು ಚಿಕ್ಕಂದಿನಿಂದ ಕ್ರೀಡಾ ಹಾಸ್ಟೆಲಿನಲ್ಲಿ ಬೆಳೆದವಳು. ನಾನು ಎಂ.ಟೆಕ್. ಮುಗಿಸಿ ಕೆಂಗೇರಿಯಾಚೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ವಿಭಾಗಕ್ಕೆ ಲೆಕ್ಚರರ್ ಆಗಿ ಸೇರಿದ್ದೆ. ಅಪ್ಪ ತೀರಿಕೊಂಡ ಮೇಲೆ ಹಿಡಿದ ಕೆಲಸವನ್ನು ಅಮ್ಮ ಬಿಟ್ಟಿರಲಿಲ್ಲ. ಇಡ್ಲಿ ದೋಸೆ ಹಿಟ್ಟು ರುಬ್ಬಿ, ದೊಡ್ಡ ಅಲ್ಯೂಮಿನಿಯಂ ಕ್ಯಾನುಗಳಲ್ಲಿ ತುಂಬಿ, ಮಾರೇನಹಳ್ಳಿ ವಿಜಯನಗರಗಳ ಸಣ್ಣ ಹೋಟೆಲುಗಳಿಗೆ ಬೆಳಗಿನ ಹೊತ್ತು ಮುಟ್ಟಿಸುತ್ತಿದ್ದಳು. ಒಬ್ಬ ಆಟೋದವನು ಒಯ್ಯುತ್ತಿದ್ದ. ಅವನು ಬರುವುದನ್ನು ನಿಲ್ಲಿಸಿದ ಮೇಲೆ ಏನು ಮಾಡುವುದೆಂದು ಅಮ್ಮ ನನ್ನನ್ನು ಕೇಳುತ್ತಾಳೆಂದು ಕಾಯುತ್ತಿದ್ದೆ.

ಕೇಳಲಿಲ್ಲ. ಒಂದು ಸಂಜೆ ಕಾಲೇಜಿನಿಂದ ಬಂದರೆ ಗೇಟಿನ ಒಳಗೆ ಕಬ್ಬಿಣದ ಚೌಕಟ್ಟಿನ, ಎರಡು ಚಕ್ರದ ಒಂದು ಗಾಡಿ ನಿಂತಿತ್ತು. ಅದರ ಮೂತಿಯನ್ನು ಸೈಕಲ್ಲಿನ ಸೀಟಿನ ಕೆಳಗೆ ಸಿಕ್ಕಿಸಿದ್ದರು.

"ಇದೇನಮ್ಮ?"

"ಟ್ರೇಲರು. ಕಾಮಾಕ್ಷಿಪಾಳ್ಯದಲ್ಲಿ ವೆಲ್ಡಿಂಗ್ ಮಾಡಿಸ್ಕೊಂಡು ಬಂದ್ವಿ."

ಬಂದ್ವಿ ಅಂದಳು. ನನ್ನ ಕಿವಿ ಅಲ್ಲೇ ನಿಂತಿತು.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ನಿಂಗೆ ಕಾಲೇಜು, ಪೇಪರ್ ಕರೆಕ್ಷನ್ನು. ಇದೆಲ್ಲ ಯಾಕೆ ತಲೆನೋವು ಅಂತ ಬಿಟ್ಟೆ ಕಣೇ."

ಅಷ್ಟರಲ್ಲಿ ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಹಿಂದಿನಿಂದ ಬಂದಳು. "ನನಗ ಟ್ರೇನಿಂಗ್ ಆಗ್ತೈತ್ರಿ ಅಕ್ಕಾರ. ಹಾಸ್ಟೆಲ್‌ನ್ಯಾಗ ನಮ್ಮ ಕೋಚ್ ಸೈಕಲ್ಲಿಗೆ ಲಾರಿ ಟೈರ್ ಕಟ್ಟಿ ಎಳಸ್ತಿದ್ರು. ಇದು ಹಿಟ್ಟು, ಅಷ್ಟ."

"ನೋಡು, ಹೆಂಗೆ ಮಾತಾಡ್ತಾಳೆ," ಎಂದು ಅಮ್ಮ ನಕ್ಕಳು. ಎಂದಿನಂತೆ ಕೈಯಿಂದ ಬಾಯಿ ಮುಚ್ಚಿಕೊಳ್ಳದೆ ನಕ್ಕಳು.

ಮೊದಮೊದಲು ಅವಳು ಅಮ್ಮನನ್ನು 'ಅವ್ವಾರ' ಎನ್ನುತ್ತಿದ್ದಳು. ಯಾವಾಗ 'ಅವ್ವಾ' ಆಯಿತೋ ತಿಳಿಯಲಿಲ್ಲ. ನಾನು 'ಅಮ್ಮ' ಎಂದು ಕರೆದರೆ ಅಮ್ಮ "ಏನು?" ಎನ್ನುತ್ತಿದ್ದಳು. ಅವಳು ಕರೆದರೆ "ಏನವ್ವಾ?" ಎಂದು ಆ ಕಡೆಯ ಮಾತನ್ನೇ ತಿರುಗಿ ಕೊಡುತ್ತಿದ್ದಳು. ಮೈಸೂರಿನ ಕಡೆಯಿಂದ ಬಂದ, ಮಾತು ಕಡಿಮೆಯ ನಮ್ಮ ಮನೆಯಲ್ಲಿ ಈ ಸಲಿಗೆ ಎಲ್ಲಿ ಅಡಗಿತ್ತು ಎಂದು ನಾನು ಹುಡುಕುತ್ತಿದ್ದೆ. ಅವಳ ಮೇಲೆ ದೂರು ಹೇಳುವಂಥದ್ದು ಏನೂ ಇರಲಿಲ್ಲ, ಅದೇ ಕಷ್ಟ. ಬಾಡಿಗೆ ಸರಿಯಾಗಿ ಕೊಡುತ್ತಿದ್ದಳು, ನೀರು ಹಿಡಿದಿಡುತ್ತಿದ್ದಳು, ನನ್ನ ಚಪ್ಪಲಿ ಮಳೆಗೆ ನೆನೆಯುತ್ತಿದ್ದರೆ ಒಳಗೆ ತಂದಿಡುತ್ತಿದ್ದಳು.

ಬೀದಿಗೆಲ್ಲ ಅವಳು ಬೇಗ ಗೊತ್ತಾದಳು. ಕ್ಯಾನುಗಳು ಗಡಗಡ ಎನ್ನುವ ಸದ್ದು ಬಂದರೆ ಟೀ ಅಂಗಡಿಯ ಮುಂದಿನ ಹುಡುಗರು, "ಮಗಾ, ಹಿಟ್ಟಿನ ಎಕ್ಸ್‌ಪ್ರೆಸ್ ಬಂತು, ಸೈಡ್ ಬಿಡೋ" ಎಂದು ಕೂಗುತ್ತಿದ್ದರು. ಅವಳು ತಿರುಗಿ ನೋಡದೆ, "ನೀವ ಸೈಡ್ ಬಿಡ್ರಿ, ಇಲ್ಲಾಂದ್ರ ನಿಮ್ಮ ಮ್ಯಾಲ ದೋಸಿ ಹುಯ್ತೀನಿ" ಎನ್ನುತ್ತಿದ್ದಳು. ನಾನಾಗಿದ್ದರೆ ಆ ಬೀದಿಯನ್ನೇ ಬಿಟ್ಟು ಸುತ್ತಿ ಹೋಗುತ್ತಿದ್ದೆ. ಒಂದು ಸಲ ಅಮ್ಮನ ಒಂದು ಮಾತು ತಿಳಿಸಲು ಮಾರೇನಹಳ್ಳಿಯ ದರ್ಶಿನಿಯೊಂದಕ್ಕೆ ಹೋಗಿದ್ದೆ. ಅದರ ಯಜಮಾನರು, "ಹಿಟ್ಟಿನ ಆಂಟಿ ಮಗಳು ಬೆಳಿಗ್ಗೆನೇ ಬಂದು ಹೋದ್ರಲ್ಲ ಮೇಡಂ. ನೀವ್ಯಾರು?" ಎಂದರು.

"ಅವರ ಮನೇಲಿ ಬಾಡಿಗೆಗೆ ಇದೀನಿ," ಎಂದು ಹೇಳಿ ಬಂದೆ.

ಏಕೆ ಹಾಗೆ ಹೇಳಿದೆನೋ. ತಿದ್ದಲು ಹೋಗಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಅದೊಂದು ತರಹದ ಕಹಿಯಾದ ಸುಖ ಕೊಟ್ಟಿತು.

ನಮ್ಮ ಮನೆಯಿರುವುದು ಎತ್ತರದ ತುದಿಯಲ್ಲಿ. ತುಂಬಿದ ಕ್ಯಾನುಗಳ ಜೊತೆ ಹೋಗುವಾಗ ಇಳಿಜಾರು, ಖಾಲಿ ಕ್ಯಾನುಗಳ ಜೊತೆ ಬರುವಾಗ ಏರು. ಏರು ಅವಳಿಗೆ ಲೆಕ್ಕಕ್ಕಿರಲಿಲ್ಲ. ಇಳಿಯುವಾಗ ಮಾತ್ರ ಗಾಡಿ ಹಿಂದಿನಿಂದ ಸೈಕಲ್ಲನ್ನು ನೂಕುತ್ತಿತ್ತು. ಮುಂದಿನ ಬ್ರೇಕು ಹಿಡಿದರೆ ಟ್ರೇಲರು ಪಕ್ಕಕ್ಕೆ ಹೊರಳಿ ಸೈಕಲ್ಲನ್ನು ಮಡಚಲು ನೋಡುತ್ತಿತ್ತು. ಟ್ರೇಲರಿನ ಚಕ್ರಕ್ಕೇ ರಬ್ಬರಿನ ಬ್ರೇಕು ಹಾಕಿಸಿ ನೋಡಿದರು. ಅದು ಬೇಗ ಸವೆಯಿತು, ಮಳೆ ಬಂದ ದಿನ ಹಿಡಿಯಲೇ ಇಲ್ಲ. ಅಮ್ಮ ಪ್ರತಿ ಬೆಳಿಗ್ಗೆ ಗೇಟಿನ ಹತ್ತಿರ ನಿಂತು, ಗಡಗಡ ಸದ್ದು ತಿರುವಿನಾಚೆ ಕೇಳದಾಗುವವರೆಗೆ ಒಳಗೆ ಬರುತ್ತಿರಲಿಲ್ಲ. ನಾನು ಬಸ್ಸಿಗೆ ಹೊರಟಾಗ ಅಮ್ಮ ಒಲೆಯ ಮುಂದಿನಿಂದಲೇ "ಹ್ಞೂಂ" ಎನ್ನುತ್ತಿದ್ದಳು.

ಆಗ ನನಗೆ ಹೊಳೆಯಿತು. ಮೋಟಾರಿನಿಂದ ಬ್ರೇಕು ಹಾಕುವುದು ನಾನು ಓದಿದ, ಪಾಠ ಮಾಡುವ ವಿಷಯ. ಕರೆಂಟು ಕೊಟ್ಟರೆ ಮೋಟಾರು ಚಕ್ರವನ್ನು ತಿರುಗಿಸುತ್ತದೆ. ಚಕ್ರವೇ ಮೋಟಾರನ್ನು ತಿರುಗಿಸಿದರೆ ಅದು ಕರೆಂಟು ಹುಟ್ಟಿಸುತ್ತದೆ, ಹುಟ್ಟಿಸುವಾಗ ಚಕ್ರವನ್ನು ಹಿಂದಕ್ಕೆ ಹಿಡಿಯುತ್ತದೆ. ಸೈಕಲ್ಲಿನ ಡೈನಮೋವನ್ನು ಟೈರಿಗೆ ತಾಗಿಸಿದ ಕೂಡಲೇ ಪೆಡಲು ಭಾರವಾಗುವುದು ಹೀಗೆಯೇ. ಆ ಕರೆಂಟನ್ನು ಬ್ಯಾಟರಿಗೆ ಕಳಿಸಿದರೆ ಇಳಿಜಾರಿನಲ್ಲಿ ಕೂಡಿಟ್ಟದ್ದು ಬರುವಾಗ ಏರಿಗೆ ಒದಗುತ್ತದೆ. ಅವರಿಬ್ಬರೂ ಸೇರಿ ಮಾಡಿದ ಗಾಡಿಯಲ್ಲಿ ನನಗೂ ಒಂದು ಜಾಗವಿದೆ ಎಂದು ತೋರಿಸಬೇಕಿತ್ತು. ಅವಳ ಜೀವಕ್ಕೆ ಅಪಾಯವಾಗಬಾರದು ಎಂಬುದು ನನ್ನ ಮನಸ್ಸಿನಲ್ಲಿ ಇರಲಿಲ್ಲ ಎಂದಲ್ಲ. ಆದರೆ ಮೊದಲು ಇದ್ದದ್ದು ಗೇಟಿನ ಹತ್ತಿರ ನಿಲ್ಲುವ ಅಮ್ಮ.

ಆಗ ಊರಿನಲ್ಲಿ ಬ್ಯಾಟರಿ ಸ್ಕೂಟರುಗಳು ಹೊಸದಾಗಿ ಓಡಾಡತೊಡಗಿದ್ದವು, ಅಷ್ಟೇ ಬೇಗ ಗುಜರಿಗೂ ಬರತೊಡಗಿದ್ದವು. ಅಂಥ ಒಂದರ ಮೋಟಾರು ತಂದೆ. ಟ್ರೇಲರಿನ ಎರಡು ಚಕ್ರವೂ ಒಟ್ಟಿಗೆ ತಿರುಗುವಂತೆ ಒಂದೇ ಅಚ್ಚಿಗೆ ಕೂರಿಸಿ, ಅಚ್ಚಿಗೂ ಮೋಟಾರಿಗೂ ಚೈನು ಹಾಕಿಸಿದೆ. ಯು.ಪಿ.ಎಸ್.ಗೆ ಬಳಸುವಂಥ ಬ್ಯಾಟರಿಗಳನ್ನು ಕ್ಯಾನುಗಳ ಕೆಳಗೆ ಕಟ್ಟಿದೆ. ಬ್ರೇಕಿನ ಕರೆಂಟನ್ನು ಬ್ಯಾಟರಿಗೆ ಹತ್ತಿಸುವ ಸರ್ಕ್ಯೂಟನ್ನು ನಾನೇ ಬರೆದು, ನಾನೇ ಬೆಸುಗೆ ಹಾಕಿದೆ. ಸೈಕಲ್ಲಿನ ಹಿಡಿಯಲ್ಲಿ, ಎಡಗೈ ಹೆಬ್ಬೆರಳಿಗೆ ಸಿಗುವಂತೆ ಒಂದು ಸಣ್ಣ ಲಿವರು. ಎಷ್ಟು ಒತ್ತಿದರೆ ಅಷ್ಟು ಹಿಡಿತ. ಪಕ್ಕದಲ್ಲೇ ಏರಿನಲ್ಲಿ ಮೋಟಾರು ಓಡಿಸಲು ಒಂದು ಸ್ವಿಚ್ಚು, ವೋಲ್ಟೇಜು ತೋರಿಸುವ ಒಂದು ಮೀಟರು. ಬ್ಯಾಟರಿ ಹಾಳಾಗಬಾರದೆಂದು, ಅದರ ವೋಲ್ಟೇಜು ಒಂದು ಮಿತಿ ದಾಟಿದರೆ ಕರೆಂಟನ್ನು ತಡೆದುಬಿಡುವ ರಕ್ಷಣೆಯನ್ನೂ ಇಟ್ಟೆ. ಅದರ ಬಗ್ಗೆ ನನಗೆ ವಿಶೇಷ ಹೆಮ್ಮೆಯಿತ್ತು.

ಭಾನುವಾರ ಮಧ್ಯಾಹ್ನ ಕ್ಯಾನುಗಳಿಗೆ ನೀರು ತುಂಬಿ ಪರೀಕ್ಷೆ ಮಾಡಿದೆವು. ಹೊಡೆದವಳು ಅವಳೇ. ನಾನು ಜೊತೆಯಲ್ಲಿ ಓಡಲಾಗದೆ ಮೇಲೆಯೇ ನಿಂತಿದ್ದೆ. ಇಳಿಜಾರಿನ ನಡುವೆ ಲಿವರು ಒತ್ತಿದಾಗ ಟ್ರೇಲರಿನಿಂದ ತೆಳುವಾದ ಒಂದು ಶಿಳ್ಳೆಯ ದನಿ ಎದ್ದಿತು, ಗಾಡಿ ಯಾರೋ ಹಿಂದಿನಿಂದ ಸೆರಗು ಹಿಡಿದಂತೆ ನಿಧಾನವಾಯಿತು. ಅವಳು ಎರಡು ಕಾಲನ್ನೂ ಪೆಡಲಿನಿಂದ ಎತ್ತಿ ಅಗಲಿಸಿದಳು.

"ಅಕ್ಕಾರ, ಇದು ಭಾರಿ ಐತ್ರಿ! ನಿಮ್ಮ ತಲಿಗೆ ಒಂದ ಸಲಾಂ!"

"ನಿಲ್ಲಿಸೋದಕ್ಕೆ ಕೈಬ್ರೇಕೇ ಹಿಡೀಬೇಕು. ಇದು ನಿಧಾನ ಮಾಡೋದಕ್ಕೆ ಮಾತ್ರ," ಎಂದೆ. ಹೊಗಳಿಕೆಗೆ ಏನು ಹೇಳಬೇಕೋ ನನಗೆ ತಿಳಿಯುವುದಿಲ್ಲ.

ಅಮ್ಮ ನೋಡುತ್ತಿದ್ದಳು. "ಪರವಾಗಿಲ್ಲ," ಎಂದಳು. ಒಳಗೆ ಹೋಗಿ ಕಾಫಿ ತಂದಳು. ಮೊದಲ ಲೋಟವನ್ನು ಅವಳಿಗೆ ಕೊಟ್ಟಳು. ಅವಳು ಬೆವತಿದ್ದಳು, ಕೊಟ್ಟದ್ದು ಸರಿಯೇ. ಎರಡನೆಯದನ್ನು ಕೊಡುತ್ತ ನನಗೆ, "ಬಿಸಿ ಇದೆ," ಎಂದಳು.

ನಮ್ಮ ಮನೆಯ ಒಂದು ಅಭ್ಯಾಸವನ್ನು ಇಲ್ಲಿ ಹೇಳಬೇಕು. ನಮ್ಮದು ತುಂಬಿಸಿಡುವ ಮನೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬಂದಾಗ ತೊಟ್ಟಿ, ಡ್ರಮ್ಮು, ಕೊಡ, ಚೊಂಬು, ಕೊನೆಗೆ ಪೂಜೆಯ ಪಂಚಪಾತ್ರೆಯವರೆಗೆ ತುಂಬಬೇಕು. ಕರೆಂಟು ಯಾವಾಗ ಹೋಗುತ್ತದೋ ತಿಳಿಯದ ವರ್ಷಗಳವು. ಬಂದಾಗ ಗ್ರೈಂಡರು ಓಡಿಸಿಬಿಡಬೇಕು, ಟಾರ್ಚು ಚಾರ್ಜಿಗೆ ಹಾಕಬೇಕು, ಮೊಬೈಲು ಅರ್ಧ ಇದ್ದರೂ ಹಾಕಬೇಕು. ಅರ್ಧ ತುಂಬಿದ ಯಾವುದನ್ನಾದರೂ ಕಂಡರೆ ಅಮ್ಮನಿಗೆ ಸಮಾಧಾನವಿರುತ್ತಿರಲಿಲ್ಲ. ಟ್ರೇಲರಿನ ಬ್ಯಾಟರಿಯೂ ಬಂದ ಮೇಲೆ ಅದರ ಚಾರ್ಜರನ್ನು ಗ್ರೈಂಡರಿನ ಬೋರ್ಡಿಗೇ ಸಿಕ್ಕಿಸಿಬಿಟ್ಟಳು. ಒಂದು ಸ್ವಿಚ್ಚು ಒತ್ತಿದರೆ ಎರಡೂ ಕೆಲಸ. ನಾನು ಅದನ್ನು ನೋಡಿದೆ, ಒಳ್ಳೆಯದೇ ಆಯಿತು ಎಂದುಕೊಂಡೆ. ತುಂಬಿರುವುದರಿಂದ ತೊಂದರೆಯಾಗಬಹುದು ಎಂಬುದು ಆ ಮನೆಯಲ್ಲಿ ಬೆಳೆದ ನನಗೂ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ತುಂಬಿದ ಬ್ಯಾಟರಿಯೊಂದಿಗೆ, ತುಂಬಿದ ಕ್ಯಾನುಗಳೊಂದಿಗೆ ಇಳಿದಳು. ಬಹಳ ತಡವಾಗಿ ಹಿಂದಿರುಗಿದಳು. ಒಂದು ಕ್ಯಾನಿನ ಹೊರಮೈಯೆಲ್ಲ ಹಿಟ್ಟು ಒಣಗಿ ಅಂಟಿಕೊಂಡಿತ್ತು. ಅವಳ ಮೊಣಕೈ ತರಚಿತ್ತು.

"ನಾಯಿ ಅಡ್ಡ ಬಂತವ್ವಾ. ತಪ್ಪಸಾಕ ಹೋದೆ, ಒಂದ ಕ್ಯಾನ್ ಹೊಳ್ಳಿತು."

"ನಾಯಿ ಮನೆ ಹಾಳಾಗ. ನಿಂಗೇನಾಯ್ತು, ತೋರ್ಸು," ಎಂದು ಅಮ್ಮ ಅರಿಶಿನ ತರಲು ಒಳಗೆ ಓಡಿದಳು.

ಅಮ್ಮ ಒಳಗೆ ಹೋದ ಕೂಡಲೇ ಅವಳು ದನಿ ತಗ್ಗಿಸಿ ನನಗೆ ಹೇಳಿದಳು: "ನಾಯಿ ಇಲ್ಲ ಏನಿಲ್ರಿ ಅಕ್ಕಾರ. ಬ್ರೇಕ್ ಹಿಡಿದಿತ್ತು, ಚಲೋನ ಹಿಡಿದಿತ್ತು. ಅರ್ಧ ದಾರ್ಯಾಗ ಗಕ್ಕನೆ ಬಿಟ್ಟಬಿಡ್ತು. ಎಡಕ್ಕ ಒಂದ ಏರು ರಸ್ತೆ ಇತ್ತಲ್ರಿ, ಅದಕ್ಕ ತಿರವಿಬಿಟ್ಟೆ. ಅಲ್ಲಿ ನಿಂತಿತು. ಅವ್ವಗ ಹೇಳಬ್ಯಾಡ್ರಿ. ಪಾಪ, ನೀವ ಎಷ್ಟ ಕಷ್ಟಪಟ್ಟೀರಿ."

ಪಾಪ ಎಂದಳು.

ಬಸ್ಸಿನಲ್ಲಿ ಕೂತು ಕಾಲೇಜಿಗೆ ಹೋಗುವಾಗ ನನಗೆ ಅವಳ ತರಚಿದ ಮೊಣಕೈ ಕಾಣುತ್ತಿರಲಿಲ್ಲ, ಆ ಒಂದು ಮಾತು ಕೇಳುತ್ತಿತ್ತು. ಅಮ್ಮನ ಮಡಿಲಲ್ಲಿ ಕಾಲಿಟ್ಟು ಕೂರುವವಳು ಈಗ ಅಮ್ಮನಿಂದ ನನ್ನನ್ನು ಕಾಪಾಡಲೂ ಹೊರಟಿದ್ದಳು. ಅವಳು ಆ ಏರು ರಸ್ತೆಗೆ ತಿರುಗಿಸಿರದಿದ್ದರೆ ಏನಾಗುತ್ತಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಚುರುಕು, ಆ ತೋಳಿನ ಶಕ್ತಿ, ಮನೆಗೆ ಬಂದು ಸಲೀಸಾಗಿ ಹುಟ್ಟಿಸಿದ ಆ ನಾಯಿ, ಎಲ್ಲದರ ಮೇಲೂ ಹೊಟ್ಟೆಕಿಚ್ಚಾಯಿತು. ನಾಯಂಡಹಳ್ಳಿಯ ಹತ್ತಿರ ಬಸ್ಸು ನಿಂತುಬಿಟ್ಟಿತು. ಅಲ್ಲಿ ಕಾರಣ ತಾನಾಗಿ ಬಿಡಿಸಿಕೊಂಡಿತು. ಭಾನುವಾರ ಬ್ಯಾಟರಿ ಅರ್ಧ ಖಾಲಿಯಿತ್ತು. ಬ್ರೇಕಿನ ಕರೆಂಟನ್ನು ಕುಡಿಯಿತು. ಇಂದು ಅದು ಕಂಠಮಟ್ಟ ತುಂಬಿತ್ತು. ಇಳಿಯತೊಡಗಿದ ಸ್ವಲ್ಪ ಹೊತ್ತಿಗೆ ವೋಲ್ಟೇಜು ಮಿತಿ ದಾಟಿದೆ, ನನ್ನ ಹೆಮ್ಮೆಯ ರಕ್ಷಣೆ ಬ್ಯಾಟರಿಯನ್ನು ಉಳಿಸಿದೆ, ಹುಡುಗಿಯನ್ನು ಬಿಟ್ಟಿದೆ.

ಸಂಜೆ ಮನೆಗೆ ಬಂದಾಗ ಕರೆಂಟು ಇರಲಿಲ್ಲ. ಅಮ್ಮ ಮೋಂಬತ್ತಿ ಬೆಳಕಿನಲ್ಲಿ ಉದ್ದಿನಬೇಳೆ ಆರಿಸುತ್ತಿದ್ದಳು. ಅವಳು ಗೋಡೆಗೆ ಒರಗಿ ಕೂತು ಮೊರದ ಇನ್ನೊಂದು ಬದಿಯಿಂದ ಆರಿಸುತ್ತಿದ್ದಳು. ನಾನು ಚಪ್ಪಲಿಯನ್ನೂ ಬಿಡದೆ ಹೇಳಿದೆ: "ಅಮ್ಮ, ನಾಯಿ ಅಡ್ಡ ಬಂದಿರಲಿಲ್ಲ. ನನ್ನ ಬ್ರೇಕು ಕೈಕೊಡ್ತು."

ಸತ್ಯ ಹೇಳಬೇಕೆಂದು ಹೇಳಿದ್ದಲ್ಲ. ಅವಳು ನನಗೆ ಮಾಡಿದ ಉಪಕಾರವನ್ನು ಒಂದು ರಾತ್ರಿಯೂ ಇಟ್ಟುಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ, ಅದಕ್ಕೆ. ಅವಳು ಸುಳ್ಳು ಹೇಳಿದ್ದು ಅಮ್ಮನಿಗೆ ಗೊತ್ತಾಗಲಿ ಎಂಬುದೂ ಇತ್ತು. ಅಮ್ಮನ ಕೈ ಮೊರದ ಮೇಲೆ ನಿಂತಿತು. ನಾನು ನಿರೀಕ್ಷಿಸಿದಂತೆಯೇ ಅವಳ ಕಡೆಗೆ ತಿರುಗಿದಳು.

"ನನ್ನ ಹತ್ರ ಸುಳ್ಳು ಹೇಳಿದ್ಯಾ?"

"ಅವ್ವಾ, ಅದು..."

"ಬಾಯಿ ಮುಚ್ಚು ಮುಂಡೇದೆ. ಬಿದ್ದು ತಲೆ ಒಡ್ಕೊಂಡಿದ್ರೆ? ನಿಮ್ಮವ್ವ ಫೋನ್ ಮಾಡಿ ಕೇಳಿದ್ರೆ ಏನಂತ ಹೇಳ್ಲಿ, ನಾಯಿ ಬಂತು ಅಂತ ಹೇಳ್ಲಾ? ನಾನೇನು ನಿಂಗೆ ಬೀದಿಯವಳಾ, ನನ್ನ ಹತ್ರ ಮುಚ್ಚಿಡಕ್ಕೆ? ಇಷ್ಟುದ್ದ ಬೆಳೆದಿದೀಯ, ಬುದ್ಧಿ ಮಾತ್ರ ಕ್ಯಾನ್ ಜೊತೆ ಚೆಲ್ಕೊಂಡು ಬಂದಿದೀಯ."

ಅಮ್ಮನ ದನಿ ನಡುಗುತ್ತಿತ್ತು. ಅವಳು ತಲೆ ತಗ್ಗಿಸಿ ಕೂತಿದ್ದಳು, ಆದರೆ ಬೈಗುಳವನ್ನು ಚಳಿಗೆ ಹೊದಿಕೆ ಎಳೆದುಕೊಂಡಂತೆ ತೆಗೆದುಕೊಳ್ಳುತ್ತಿದ್ದಳು. ಬಳಿಕ ಅಮ್ಮ ನನ್ನ ಕಡೆ ತಿರುಗಿದಳು. ನಾನು ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದು ಕಾದೆ.

"ಹೋಗ್ಲಿ ಬಿಡು. ನೀನು ಕೈಕಾಲು ತೊಳ್ಕೊ," ಎಂದಳು.

ಅಷ್ಟೇ. ತಪ್ಪು ನನ್ನದು, ಬೈಗುಳ ಅವಳದು. ಯಾರಾದರೂ ಬೈಗುಳಕ್ಕೆ ಆಸೆಪಡುತ್ತಾರೆಯೇ? ನಾನು ಪಟ್ಟೆ. ಆ 'ಮುಂಡೇದೆ' ನನಗೆ ಬೇಕಿತ್ತು. ಹುಟ್ಟಿದಾಗಿನಿಂದ ಜಾಣೆ, ಗಂಭೀರೆ, ಯಾರಿಗೂ ತೊಂದರೆ ಕೊಡದವಳು ಎನಿಸಿಕೊಂಡ ನನಗೆ ಅಮ್ಮ ಹಾಗೆ ದನಿ ನಡುಗಿಸಿ ಬೈದದ್ದು ನೆನಪಿರಲಿಲ್ಲ.

ಕೈಕಾಲು ತೊಳೆಯದೆ ನಾನು ಅಲ್ಲೇ ಕೂತು ಕಾರಣ ವಿವರಿಸತೊಡಗಿದೆ. ಮೋಟಾರು, ವೋಲ್ಟೇಜು, ಮಿತಿ, ರಕ್ಷಣೆ. ತರಗತಿಯಲ್ಲಿ ಮಾಡುವಂತೆ ಗಾಳಿಯಲ್ಲಿ ಬೆರಳಿನಿಂದ ಗೆರೆ ಎಳೆದೆ. ಮೋಂಬತ್ತಿ ಕರಗಿ ಗಿಡ್ಡವಾಯಿತು. ಅಮ್ಮನಿಗೆ ತಲುಪಿದ್ದು ಒಂದೇ.

"ಹಾಗಾದ್ರೆ ನಾನು ಚಾರ್ಜಿಗೆ ಹಾಕಿದ್ದೇ ತಪ್ಪು ಅಂತೀಯ. ಎಲ್ಲ ನಂದೇ ತಪ್ಪು."

"ಹಾಗಲ್ಲಮ್ಮ. ಪೂರ್ತಿ ಚಾರ್ಜ್ ಆಗಿದ್ರೆ ಬ್ರೇಕಿನ ಕರೆಂಟು..."

"ಚಾರ್ಜ್ ಮಾಡದೆ ಬ್ಯಾಟರಿ ಯಾಕೆ ಇಟ್ಕೋಬೇಕು? ಖಾಲಿ ಬ್ಯಾಟರಿ ಯಾರಿಗೆ ಬೇಕು?"

ಆಗ ಅವಳು, ಇನ್ನೂ ತಲೆ ತಗ್ಗಿಸಿಯೇ, ಮೊರದಲ್ಲಿ ಬೆರಳಾಡಿಸುತ್ತ ಹೇಳಿದಳು: "ಅವ್ವಾ, ನೀವ ಕ್ಯಾನಿನ ಬಾಯಿತನಕ ಹಿಟ್ಟ ಹಾಕ್ತೀರೇನ್ರಿ?"

"ಅದ್ಯಾಕೆ ಹಾಕ್ಲಿ? ಬೆಳಗಾಗೋ ಹೊತ್ತಿಗೆ ಉಬ್ಬಿ ಹೊರಗೆ ಬರಲ್ವಾ? ಮುಕ್ಕಾಲು ಹಾಕಿ ಉಬ್ಬೋದಕ್ಕೆ ಜಾಗ ಬಿಡ್ತೀನಿ."

"ಮತ್ತ ಅಷ್ಟರೀ. ಬ್ಯಾಟರಿನೂ ಕ್ಯಾನ ಇದ್ದಂಗ. ಬ್ರೇಕ್ ಹಿಡಿದ್ರ ಕರೆಂಟ್ ಉಬ್ಬತೈತಿ. ಜಾಗಾ ಬಿಟ್ರ ಅದರಾಗ ಕುಂದ್ರತೈತಿ. ಇಲ್ಲಾಂದ್ರ ಬ್ರೇಕ ಬಿಟ್ಟಬಿಡತೈತಿ. ಹೌದಲ್ರೀ ಅಕ್ಕಾರ?"

"ಹೌದು," ಎಂದೆ.

"ಓ," ಎಂದಳು ಅಮ್ಮ. ಎರಡನೆಯ ಸಲ, ಸ್ವಲ್ಪ ಉದ್ದವಾಗಿ, "ಓಹೋ" ಎಂದಳು. ನನ್ನ ಕಡೆ ತಿರುಗಿ, "ಇದನ್ನ ಹೀಗೆ ಹೇಳೋದಕ್ಕೆ ನಿಂಗೇನಾಗಿತ್ತು?" ಎಂದಳು.

ಏನಾಗಿತ್ತೋ ನನಗೂ ಗೊತ್ತಿಲ್ಲ. ಆ ಕ್ಯಾನುಗಳ ನಡುವೆ ಓದಿ ದೊಡ್ಡವಳಾದವಳು ನಾನು. ಬೆಳಗಿನ ಹುಳಿ ವಾಸನೆಯಲ್ಲಿ ಪರೀಕ್ಷೆಗೆ ಎದ್ದವಳು ನಾನು. ನನ್ನ ಸರ್ಕ್ಯೂಟನ್ನು ನನ್ನ ಅಮ್ಮನಿಗೆ ಅರ್ಥ ಮಾಡಿಸಲು ಬಾಗಲಕೋಟೆಯಿಂದ ಒಬ್ಬಳು ಬರಬೇಕಾಯಿತು. ಕೃತಜ್ಞತೆ ಮೂಡಬೇಕಾದ ಜಾಗದಲ್ಲಿ ಮತ್ತೆ ಅದೇ ಉರಿ ಮೂಡಿತು. ಅವಳು ಗೆದ್ದೆ ಎಂಬಂತೆ ನಕ್ಕಿದ್ದರೆ ಸುಲಭವಾಗುತ್ತಿತ್ತು. ಅವಳು ಒಂದು ಕಪ್ಪು ಕಾಳನ್ನು ಆರಿಸಿ ಬಾಗಿಲಾಚೆ ಎಸೆದಳು.

ಆದರೂ ಅಮ್ಮ ತೀರ್ಮಾನ ಹೇಳಿಬಿಟ್ಟಳು. "ನಂಗೆ ಅರ್ಥ ಆಯ್ತು. ಆದ್ರೆ ಇವಳ ಮೂಳೆ ಮುರಿಸೋ ಗಾಡಿ ನಂಗೆ ಬೇಡ. ನಾಳೆ ಒಂದು ದಿನ ನೋಡೋಣ. ಮತ್ತೆ ಕೈಕೊಟ್ರೆ ಮೋಟಾರು ಬಿಚ್ಚಿ ಗುಜರಿಗೆ ಹಾಕು. ಮೊದಲಿನ ಹಾಗೇ ಹೋಗ್ಲಿ. ನೀನೂ ಕಾಲೇಜು ನೋಡ್ಕೊ."

ಮೊದಲಿನ ಹಾಗೆ ಎಂದರೆ ಅವರಿಬ್ಬರ ಗಾಡಿ. ಅದರಲ್ಲಿ ನನ್ನದು ಏನೂ ಇಲ್ಲದ ಗಾಡಿ.

ಅವಳು, "ನಾಳೆ ನಾ ಹೊಡೀತೀನ್ರಿ. ನನಗೇನ ಅಂಜಿಕಿಲ್ಲ," ಎಂದಳು. ಸರ್ಕ್ಯೂಟಿನ ರಕ್ಷಣೆಯನ್ನು ಬದಲಾಯಿಸಿ, ಹೆಚ್ಚಿನ ಕರೆಂಟನ್ನು ಕಾರಿನ ದೀಪದ ಬಲ್ಬುಗಳಿಗೆ ಹರಿಸಿ ಉರಿಸಿಬಿಡುವಂತೆ ಮಾಡುವುದು ನಿಜವಾದ ಪರಿಹಾರ. ಅದನ್ನು ನಾನು ಆಮೇಲೆ ಮಾಡಿದೆ. ಆದರೆ ಆ ಸಂಜೆ ಅದಕ್ಕೆ ಬೇಕಾದ ಸಾಮಾನೂ ಇರಲಿಲ್ಲ, ಬೆಸುಗೆಗೆ ಕರೆಂಟೂ ಇರಲಿಲ್ಲ. ಸದ್ಯಕ್ಕೆ ಬ್ಯಾಟರಿ ತುಂಬದಿದ್ದರೆ ಸಾಕಿತ್ತು. ಬೆಳಗಿನ ಓಡಾಟದಲ್ಲಿ ಅದು ಹೇಗೂ ಸ್ವಲ್ಪ ಇಳಿದಿತ್ತು. ಹಾಗೇ ಇರಲಿ ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಹಿಟ್ಟು ಕ್ಯಾನುಗಳಲ್ಲಿ ತಯಾರಾಗಿತ್ತು. ನಾನು ನಿದ್ದೆಯಲ್ಲಿದ್ದಾಗ ಕರೆಂಟು ಬಂದಿದೆ, ಅಮ್ಮ ಎದ್ದು ಗ್ರೈಂಡರಿನ ಸ್ವಿಚ್ಚು ಒತ್ತಿದ್ದಾಳೆ. ಅದೇ ಬೋರ್ಡು, ಅದೇ ಸ್ವಿಚ್ಚು. ಚಾರ್ಜರಿನಲ್ಲಿ ಹಸಿರು ದೀಪ ಉರಿಯುತ್ತಿತ್ತು. ಬ್ಯಾಟರಿ ಮತ್ತೆ ಕಂಠಮಟ್ಟ ತುಂಬಿತ್ತು. ಅಮ್ಮ ಸ್ನಾನಕ್ಕೆ ಹೋಗಿದ್ದಳು. ಹಿಂದಿನ ಕೋಣೆಯಿಂದ ಅವಳು ಬಸ್ಕಿ ಹೊಡೆಯುತ್ತ ಎಣಿಸುವುದು ಕೇಳುತ್ತಿತ್ತು.

ಅಮ್ಮನನ್ನು ಕರೆದು, ಇವತ್ತು ಬೇಡ ಎನ್ನಬಹುದಿತ್ತು. ಹಾಗೆಂದರೆ ಮೋಟಾರು ಅಂದೇ ಬಿಚ್ಚಿಹೋಗುತ್ತಿತ್ತು. ನಾನು ಚಾರ್ಜರಿನ ಪಿನ್ನು ಕಿತ್ತು, ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಖಾಲಿ ಟ್ರೇಲರು ಕಟ್ಟಿದ ಸೈಕಲ್ಲನ್ನು ಗೇಟಿನಿಂದ ಹೊರಗೆ ತಳ್ಳಿದೆ. ಸೈಕಲ್ ಹತ್ತಿ ವರ್ಷಗಳಾಗಿದ್ದವು. ಮೇಲಿನ ಸಮತಟ್ಟಾದ ಬೀದಿಯಲ್ಲಿ ಮೋಟಾರನ್ನು ಪೂರ್ತಿ ಓಡಲು ಬಿಟ್ಟು, ಅದಕ್ಕೆ ಭಾರವಾಗಲಿ ಎಂದು ಕೈಬ್ರೇಕನ್ನು ಅರ್ಧ ಹಿಡಿದು, ಆ ತುದಿಯಿಂದ ಈ ತುದಿಗೆ ಹೊಡೆಯತೊಡಗಿದೆ. ತಿರುವಿನಲ್ಲಿ ಟ್ರೇಲರು ಚರಂಡಿಯ ಕಲ್ಲಿಗೆ ತಾಗಿತು. ರಬ್ಬರು ಸುಟ್ಟ ವಾಸನೆ ಬಂತು.

ಎದುರು ಮನೆಯ ಆಂಟಿ ಹಾಕುತ್ತಿದ್ದ ರಂಗೋಲಿಯನ್ನು ಅರ್ಧಕ್ಕೆ ಬಿಟ್ಟು ನೆಟ್ಟಗೆ ನಿಂತರು. "ಏನಮ್ಮಾ ಲೆಕ್ಚರರ್ರು, ಬೆಳಿಗ್ಗೆ ಬೆಳಿಗ್ಗೆ ಸರ್ಕಸ್ಸು?"

"ಟೆಸ್ಟಿಂಗ್ ಆಂಟಿ."

"ನನ್ನ ರಂಗೋಲಿ ಮೇಲೆ ಮಾಡ್ಬೇಡ ತಾಯಿ!"

ಟೀ ಅಂಗಡಿಯ ಬಾಗಿಲು ತೆಗೆಯುತ್ತಿದ್ದ ಹುಡುಗ ಒಳಗಿದ್ದ ಇನ್ನೊಬ್ಬನಿಗೆ, "ಗುರು, ಎಕ್ಸ್‌ಪ್ರೆಸ್ಸಿಗೆ ಡ್ರೈವರ್ ಚೇಂಜ್ ಆಗಿದಾರೆ, ಬಾ ನೋಡು" ಎಂದ. ನನ್ನ ಕಿವಿ ಬಿಸಿಯಾಯಿತು. ಸುತ್ತಿ ಹೋಗಲು ಬೇರೆ ಬೀದಿ ಇರಲಿಲ್ಲ. ಮತ್ತೆ ತಿರುಗಿಸಿಕೊಂಡು ಅವರ ಮುಂದೆಯೇ ಬಂದೆ. ವೋಲ್ಟೇಜು ನನಗೆ ಬೇಕಾದಷ್ಟು ಇಳಿಯುವವರೆಗೆ ಹಾಗೆಯೇ ಬಂದೆ, ಹೋದೆ.

ಗೇಟಿನ ಹತ್ತಿರ ಅವರಿಬ್ಬರೂ ಕ್ಯಾನುಗಳ ಪಕ್ಕ ನಿಂತು ನೋಡುತ್ತಿದ್ದರು. ಅಮ್ಮನ ಒದ್ದೆ ಕೂದಲಿಗೆ ಟವಲು ಸುತ್ತಿತ್ತು.

"ಯವ್ವಾ, ಅಕ್ಕಾರ ರೇಸಿಗೆ ನಿಂತಾರ," ಎಂದಳು ಅವಳು. ನಾನು ಹಿಡಿಯನ್ನು ಅವಳ ಕೈಗೆ ಕೊಟ್ಟೆ. "ಜಾಸ್ತಿ ಇತ್ತು, ತೆಗೆದಿದೀನಿ. ಈಗ ಹಿಡಿಯತ್ತೆ," ಎಂದೆ. ಅಮ್ಮ ನನ್ನ ಮುಖ ನೋಡಿ, ಬಗ್ಗಿ ಕ್ಯಾನಿಗೆ ಕೈ ಹಾಕಿದಳು.

ಅವರು ಕ್ಯಾನು ಏರಿಸುತ್ತಿರುವಾಗಲೇ ನಾನು ಇಳಿಜಾರಿಗೆ ನಡೆದುಬಿಟ್ಟೆ. ಹಿಂದಿನ ದಿನ ಅವಳು ತಿರುಗಿಸಿದ್ದ ಏರು ರಸ್ತೆಯ ಬಾಯಲ್ಲಿ, ಒಂದು ಲೈಟು ಕಂಬದ ಪಕ್ಕ ನಿಂತೆ. ಡಾಂಬರಿನ ಮೇಲೆ ಚೆಲ್ಲಿದ ಹಿಟ್ಟು ಇನ್ನೂ ಬಿಳಿಯ ಪೊರೆಯಾಗಿ ಅಂಟಿತ್ತು. ಮೇಲಿನಿಂದ ಗಡಗಡ ಸದ್ದು ಬಂತು. ಆಮೇಲೆ ಆ ಸದ್ದಿನ ಒಳಗಿನಿಂದ ತೆಳುವಾದ ಶಿಳ್ಳೆ ಎದ್ದಿತು. ಸೈಕಲ್ಲು ನಡೆಯುವವರ ವೇಗಕ್ಕೆ ಇಳಿದು, ನನ್ನ ಮುಂದೆ ಬಂದು, ಹಿಟ್ಟಿನ ಕಲೆಯನ್ನು ದಾಟಿತು. ಶಿಳ್ಳೆ ನಿಲ್ಲಲಿಲ್ಲ. ಅವಳು ರಸ್ತೆಯನ್ನೇ ನೋಡುತ್ತಿದ್ದಳು. ನನ್ನನ್ನು ಕಂಡಳೋ ಇಲ್ಲವೋ. ಎಡಗೈ ಹೆಬ್ಬೆರಳು ಲಿವರಿನ ಮೇಲೆ ಒತ್ತಿಕೊಂಡೇ ಇತ್ತು. ತಳದ ತಿರುವಿನಲ್ಲಿ ಕೈಬ್ರೇಕು ಹಿಡಿದು, ಎರಡೂ ಕಡೆ ನೋಡಿ, ಮಾರೇನಹಳ್ಳಿಯ ಕಡೆ ತಿರುಗಿದಳು.

ಅವಳು ಎಲ್ಲ ಹೋಟೆಲುಗಳಿಗೂ ಹಿಟ್ಟು ಮುಟ್ಟಿಸಿ ಬರಲು ಹೊತ್ತು ಹಿಡಿಯುತ್ತದೆ. ಆದರೂ ನಾನು ದುಪಟ್ಟಾ ಬಿಗಿದಿದ್ದ ಹಾಗೆಯೇ ಏರನ್ನು ಬೇಗಬೇಗ ಹತ್ತತೊಡಗಿದೆ, ಅರ್ಧದಲ್ಲಿ ಓಡಿದೆ ಕೂಡ. ಬ್ರೇಕು ಹಿಡಿಯಿತು ಎಂಬ ಮಾತನ್ನು ಅವಳಿಗಿಂತ ಮೊದಲು ಅಮ್ಮನಿಗೆ ನಾನೇ ಹೇಳಬೇಕಿತ್ತು.